ಬಿಳಿ ಚೌಕ

ಲಸಿಕೆಯ ಸೀಸೆಗೆ ಅಂಟಿಸುವ ಬಿಲ್ಲೆಯನ್ನು ಮನುಷ್ಯರ ಮೈಗೆ ಅಂಟಿಸಬೇಕೆಂಬ ಯೋಚನೆ ಯಾವ ಪುಣ್ಯಾತ್ಮನ ತಲೆಗೆ ಮೊದಲು ಹೊಳೆಯಿತೋ ಗೊತ್ತಿಲ್ಲ. ಗೊತ್ತಾದರೆ ಅವನ ಮನೆ ಹೊಸ್ತಿಲ ಮೇಲೆ ಕೂತು ಕೇಳುವುದಿದೆ.

ನಾನು ನೀಲಗಂಗಾ, ಕರಿಗುಡ್ಡಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹಿರಿಯ ಆರೋಗ್ಯ ಸಹಾಯಕಿ. ಊರವರಿಗೆ ಗಂಗಕ್ಕ. ಬಾಯಿ ಜೋರು ಎಂದು ನನಗೆ ಹೆಸರಿದೆ, ಆ ಹೆಸರನ್ನು ನಾನೇ ದುಡಿದು ಗಳಿಸಿದ್ದೇನೆ. ಲಸಿಕೆ ಇಡುವ ಫ್ರಿಜ್ಜಿನ ಕೀಲಿ ಯಾವಾಗಲೂ ನನ್ನ ಸೊಂಟದಲ್ಲಿರುತ್ತದೆ. ಪ್ರತಿ ಸೀಸೆಯ ಮೇಲೂ ಒಂದು ಸಣ್ಣ ವೃತ್ತ, ಅದರೊಳಗೊಂದು ಬಿಳಿ ಚೌಕ ಇರುವುದನ್ನು ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ಬಂದ ತಾಯಂದಿರೂ ಕಂಡಿರಬಹುದು. ಸೀಸೆಗೆ ಬಿಸಿ ತಾಗಿದಷ್ಟೂ ಆ ಚೌಕ ಕಪ್ಪಾಗುತ್ತ ಬರುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾಯಿತೋ, ಲಸಿಕೆ ಕೆಟ್ಟಿತು, ಬಿಸಾಕಬೇಕು. ಔಷಧಕ್ಕೆ ಇದು ಸರಿಯಾದ ಕಾನೂನೇ.

ಸರ್ಕಾರ ನಮ್ಮ ಆಸ್ಪತ್ರೆಗಳನ್ನೆಲ್ಲ ಜನಕ್ಷೇಮ ನಿಗಮ ಎಂಬ ಹೊಸ ಸಂಸ್ಥೆಯ ಕೈಗೆ ಒಪ್ಪಿಸಿದ ಮೇಲೆ ನಮಗೂ ಅಂಥದೇ ಬಿಲ್ಲೆ ಬಂತು. ಕಾರಣ ಏನೆಂದರೆ ನರ್ಸುಗಳು ನಿಲ್ಲುತ್ತಿರಲಿಲ್ಲ. ಬಂದವರು ಪೆಟ್ಟಿಗೆ ಬಿಚ್ಚುವ ಮೊದಲೇ ಹೊರಡುತ್ತಿದ್ದರು. ಡಾಕ್ಟರುಗಳಂತೂ ಚಹಾ ಕುಡಿಯಲು ಬಸ್ಸಿಳಿದವರ ಹಾಗೆ ಬಂದು ಹೋಗುತ್ತಿದ್ದರು. ಯಾಕೆ ಹೋಗುತ್ತಾರೆ ಎಂದು ನಮ್ಮನ್ನೇ ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದೆವು. ಇಬ್ಬರ ಕೆಲಸ ಒಬ್ಬಳ ತಲೆಗೆ, ನಲ್ಲಿಯಲ್ಲಿ ನೀರಿಲ್ಲದ ಹೆರಿಗೆ ಕೋಣೆ, ರಜೆ ಕೇಳಿದರೆ ಕಳ್ಳಿಯನ್ನು ನೋಡಿದಂತೆ ನೋಡುವ ಮೇಲಿನವರು, ಕುಡಿದು ಬಂದು ಬಾಗಿಲು ಒದೆಯುವ ಗಂಡಂದಿರು, ಕೂಸು ಸತ್ತರೆ ಮೊದಲ ಏಟು ನರ್ಸಿನ ಕೆನ್ನೆಗೆ. ಇಷ್ಟು ತಿಳಿಯಲು ಯಂತ್ರ ಬೇಕೇನ್ರೀ? ಅವರಿಗೆ ಬೇಕಾಯಿತು.

ಬಿಲ್ಲೆಯನ್ನು ಕಂಡುಹಿಡಿದ ಡಾಕ್ಟರ್ ಇಂದುಶ್ರೀಯೇ ನಮ್ಮ ಕೇಂದ್ರಕ್ಕೆ ಬಂದಿದ್ದರು. ತೆಳ್ಳಗಿನ ಹುಡುಗಿ, ವಯಸ್ಸು ಮೂವತ್ತರ ಆಸುಪಾಸು, ಬೆಂಗಳೂರಿನ ಕಡೆ ಮಾತು. ನನ್ನ ಕೈ ಹಿಡಿದು ಮಣಿಕಟ್ಟಿನ ಒಳಮಗ್ಗುಲಿಗೆ ಬಿಲ್ಲೆ ಅಂಟಿಸಿದರು.

“ಮೈ ಮನಸ್ಸಿಗೆ ಒತ್ತಡ ಬಿದ್ದಾಗ ಕಾರ್ಟಿಸಾಲ್ ಅನ್ನೋ ರಸ ರಕ್ತದಲ್ಲಿ ಹೆಚ್ಚಾಗುತ್ತೆ. ಬೆವರಲ್ಲೂ ಅದರ ಸುಳಿವು ಇರುತ್ತೆ. ಈ ಬಿಲ್ಲೆ ಬೆವರನ್ನ ಹೀರಿ ಓದುತ್ತೆ. ಒತ್ತಡ ಹೆಚ್ಚಾದ ಹಾಗೆ ಚೌಕ ಕಪ್ಪಾಗುತ್ತೆ. ನಿದ್ದೆ, ರಜೆ ಸಿಕ್ಕರೆ ಮತ್ತೆ ಬೆಳ್ಳಗಾಗುತ್ತೆ,” ಎಂದರು.

“ಕಪ್ಪಾದ್ರ ಏನು ಮಾಡ್ತೀರಿ, ಬಿಸಾಕ್ತೀರೇನು?” ಎಂದು ನಗೆಯಾಡಿದೆ.

“ಅಯ್ಯೋ, ಇಲ್ಲ! ಕಪ್ಪಾಗೋ ಮುಂಚೆನೇ ರಜೆ ಕೊಟ್ಟು ಕಳಿಸಬೇಕು. ಅದಕ್ಕೇ ಇದನ್ನ ಮಾಡಿದ್ದು.”

ಆ ಹುಡುಗಿ ಅದನ್ನು ನಂಬಿದ್ದರು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಮುಂದಿನ ವಾರ ನಿಗಮದಿಂದ ಬಂದ ಆದೇಶದಲ್ಲಿ ರಜೆ ಎಂಬ ಮಾತೇ ಇರಲಿಲ್ಲ. ಚೌಕ ವೃತ್ತಕ್ಕೆ ಸಮನಾದ ಗುತ್ತಿಗೆ ನೌಕರರಿಗೆ ಅದೇ ದಿನ ‘ವಿಮುಕ್ತಿ’, ಅಂದರೆ ಕೆಲಸದಿಂದ ವಜಾ. ಜೊತೆಗೆ ಅವರ ನರ್ಸಿಂಗ್ ನೋಂದಣಿಗೆ ‘ಬಳಲಿದವರು’ ಎಂಬ ಮುದ್ರೆ. ಆ ಮುದ್ರೆ ಬಿದ್ದವಳಿಗೆ ಖಾಸಗಿ ಆಸ್ಪತ್ರೆಯವರೂ ಬಾಗಿಲು ತೆರೆಯುವುದಿಲ್ಲ. ತಾವಾಗಿ ಬಿಟ್ಟು ಹೋಗುವ ಮೊದಲೇ ನಾವೇ ತೆಗೆದುಹಾಕಿದರೆ ಯಾರೂ ಬಿಟ್ಟು ಹೋದಂತಾಗುವುದಿಲ್ಲವಲ್ಲ ಎಂಬುದು ನಿಗಮದ ಲೆಕ್ಕ! ನೋಡಿ ಎಂಥ ಬುದ್ಧಿ. ನೆಗಡಿ ಬಂತೆಂದು ಮೂಗನ್ನೇ ಕೊಯ್ಯುವ ಜಾತಿ.

ನನ್ನದು ಹಳೆಯ ಕಾಯಂ ನೌಕರಿ, ನನ್ನನ್ನು ಅಷ್ಟು ಸುಲಭಕ್ಕೆ ಮುಟ್ಟುವಂತಿರಲಿಲ್ಲ. ನನ್ನ ಚಿಂತೆಯೆಲ್ಲ ತಸ್ಲೀಮಾಳದು.

ತಸ್ಲೀಮಾ ನಮ್ಮ ಗುತ್ತಿಗೆ ನರ್ಸ್. ಗಾರೆ ಕೆಲಸದವನ ಮಗಳು, ಅಪ್ಪ ಇನ್ನೂ ತವರೂರಲ್ಲೇ ದುಡಿಯುತ್ತಾನೆ. ಗಂಡ ಸೊಲ್ಲಾಪುರದಲ್ಲಿ ಲಾರಿ ಓಡಿಸುತ್ತಾನೆ, ಹಬ್ಬಕ್ಕೊಮ್ಮೆ ಮುಖ ತೋರಿಸುತ್ತಾನೆ. ತಾಯಿ ಖಾಜಾಬಿ ಮತ್ತು ಪುಟ್ಟ ಮಗಳು ಅಲೀನಾಳ ಜೊತೆ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ, ನನ್ನ ಗೋಡೆಗೆ ಗೋಡೆ ಹಚ್ಚಿ ಇದ್ದಾಳೆ. ಬಂದವರೆಲ್ಲ ಓಡಿಹೋದ ಊರಲ್ಲಿ ಬೇರು ಬಿಟ್ಟು ನಿಂತವಳು ಅವಳೊಬ್ಬಳೇ. ಹೆರಿಗೆ ಮಾಡಿಸುವಾಗ ಅವಳನ್ನು ನೋಡಬೇಕು. “ಒದರು ಯವ್ವಾ, ಒದರು, ಇಲ್ಲಿ ನಾಚಿಕಿ ಯಾಕ? ನಿನ್ನ ಅತ್ತಿ ಹೆಸರು ಹಿಡದು ಬೈ!” ಎಂದು ತಾನೂ ಜೊತೆಗೆ ಒದರುತ್ತಾಳೆ. ಕೂಸು ಹೊರಬಂದು ಅತ್ತ ಕೂಡಲೇ ತಾನೂ ಅಳುತ್ತಾಳೆ. ಪ್ರತಿ ಸಲ. ಎಷ್ಟನೇ ಕೂಸೇ ಇರಲಿ.

“ಏ, ಕೂಸಿನ ತಾಯಿ ನೀನೋ ಆಕಿನೋ?” ಎಂದು ನಾನು ಕಾಡಿಸುತ್ತಿದ್ದೆ.

“ನನಗ ಅಳು ಬರೂದು ನಿಂತ ದಿನ ಈ ಕೆಲಸಾನೇ ಬಿಡ್ತೀನಿ ಗಂಗಕ್ಕಾ,” ಎನ್ನುತ್ತಿದ್ದಳು.

ಅಂಥವಳ ಚೌಕ ಕಪ್ಪಾಗದೆ ಇನ್ಯಾರದು ಆಗಬೇಕು? ಮಳೆಗಾಲ ಮುಗಿಯುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಸಂಜೆ ಅವಳ ಮನೆಗೆ ಹೋದರೆ ಖಾಜಾಬಿ ರೊಟ್ಟಿ ಬಡಿಯುತ್ತಿದ್ದಳು, ಇವಳು ಗೋಡೆಗೆ ಒರಗಿ ಕೂತು ತನ್ನ ಮಣಿಕಟ್ಟನ್ನೇ ನೋಡುತ್ತಿದ್ದಳು.

“ಇದು ನೋಡ್ಕೋತ ಕೂತ್ರ ಇನ್ನೂ ಕರ್ರಗ ಆಗ್ತದ. ನೋಡಬ್ಯಾಡ,” ಎಂದೆ.

“ನೋಡದಿದ್ರ ಏನು ಬಿಡ್ತದೇನಕ್ಕಾ? ಈ ತಿಂಗಳು ದಾಟೂದಿಲ್ಲ ಇದು. ನಮ್ಮಪ್ಪ ಇಟ್ಟಂಗಿ ಹೊತ್ತು ಓದ್ಸ್ಯಾನ. ನಮ್ಮ ಓಣಿಯಾಗ ಬಿಳಿ ಕೋಟು ಹಾಕ್ಕೊಂಡಾಕಿ ನಾನೊಬ್ಬಾಕೇ. ಇದು ಹೋದ್ರ ನಾ ಏನು?”

ಖಾಜಾಬಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಅವರ ಮನಿ ಹಾಳಾಗ್ಲಿ! ದಿನಾ ಹೊರಿ ಹೊರಸೂದು ಅವರೇ, ಬೆನ್ನು ಬಾಗಿತಂತ ಬೈಯೂದೂ ಅವರೇ,” ಎಂದಳು.

ನನ್ನ ಕೈ ಸೊಂಟದ ಕೀಲಿಯ ಮೇಲೆ ಹೋಯಿತು. ಬಿಸಿ ತಾಗಿದರೆ ಕಪ್ಪಾಗುತ್ತದೆ, ತಣ್ಣಗಿಟ್ಟರೆ ಬೆಳ್ಳಗಿರುತ್ತದೆ. ಇಡೀ ಜೀವಮಾನ ನಾನು ಮಾಡಿದ ಕೆಲಸ ಅದೇ. ಲಸಿಕೆ ಸಾಗಿಸುವ ಡಬ್ಬಿಯೊಳಗೆ ಇಡುವ ಐಸಿನ ಪ್ಯಾಕು ತಂದು, ಬಟ್ಟೆ ಸುತ್ತಿ, ಅವಳ ಮಣಿಕಟ್ಟಿಗೆ ಕಟ್ಟಿದೆ. ನಮ್ಮಂಥವರಿಗೆ ಮಾತ್ರ ಹೊಳೆಯುವ ಮೂರ್ಖತನ ಅದು. ಬಿಲ್ಲೆ ಓದುವುದು ಬಿಸಿಯನ್ನಲ್ಲ, ಬೆವರನ್ನು ಎಂದು ಇಂದುಶ್ರೀ ಬಿಡಿಸಿ ಹೇಳಿದ್ದರು. ಆದರೂ ನೋಡಿ, ಕೆಲಸ ಮಾಡಿಬಿಟ್ಟಿತು! ತಣ್ಣಗಾದ ಚರ್ಮ ಬೆವರಲಿಲ್ಲ. ಬೆವರಿಲ್ಲದೆ ಬಿಲ್ಲೆಗೆ ಓದಲು ಏನೂ ಸಿಗಲಿಲ್ಲ. ಒಂದು ವಾರದಲ್ಲಿ ಬೂದಿ ಬಣ್ಣ ತಿಳಿಯಾಗತೊಡಗಿತು.

ಅಂದು ತಸ್ಲೀಮಾ ನನ್ನನ್ನು ತಬ್ಬಿಕೊಂಡು ಕುಣಿದಳು. ಈಚೆಗೆ ಬಂದಿದ್ದ ಇನ್ನೊಬ್ಬ ನರ್ಸ್ ಎಸ್ತರ್ ತನಗೂ ಒಂದು ಐಸ್ ಪ್ಯಾಕ್ ಬೇಕೆಂದಳು. ಆಶಾ ಕಾರ್ಯಕರ್ತೆಯರು ಬಂದರು, ಕಸ ಗುಡಿಸುವ ಭೀಮಬಾಯಿ ಬಂದಳು. ಊಟದ ಹೊತ್ತಿಗೆ ಎಲ್ಲರೂ ಸಾಲಾಗಿ ಕೂತು ಕೈಗೆ ಐಸು ಕಟ್ಟಿಕೊಂಡು ನಗುತ್ತಿದ್ದೆವು. ಚಾಪೆ ಕೆಳಗೆ ತೂರುವವರಿಗೆ ರಂಗೋಲಿ ಕೆಳಗೆ ತೂರಿ ತೋರಿಸಿದೆವು ಎಂದು ನನಗೂ ಜಂಬ ಬಂದಿತ್ತು. ಕರಿಗುಡ್ಡಿ ಕೇಂದ್ರ ಮಲ್ಲಿಗೆಯಷ್ಟು ಬೆಳ್ಳಗಾಯಿತು.

ನಿಗಮದ ಜಿಲ್ಲಾ ನಿಯಂತ್ರಣ ಕೊಠಡಿಯಿಂದ ನನಗೆ ಕರೆ ಬಂದಾಗ ಕಳ್ಳತನ ಸಿಕ್ಕಿಬಿತ್ತು ಎಂದುಕೊಂಡೆ. ಹೋದರೆ ಹೂಗುಚ್ಛ ಕೊಟ್ಟರು.

ತಂಪು ಗಾಳಿಯ ದೊಡ್ಡ ಕೋಣೆ. ಒಂದಿಡೀ ಗೋಡೆಯ ಮೇಲೆ ಜಿಲ್ಲೆಯ ನಕ್ಷೆ, ಅದರ ತುಂಬ ಸಾವಿರಾರು ಚುಕ್ಕೆ. ಪ್ರತಿ ಚುಕ್ಕೆಯೂ ಒಬ್ಬ ನರ್ಸ್, ಒಬ್ಬ ಆಶಾ; ಅವರ ಬಿಲ್ಲೆ ಕಳಿಸಿದ ಬಣ್ಣವೇ ಚುಕ್ಕೆಯ ಬಣ್ಣ. ಎಲ್ಲೆಲ್ಲೂ ಬೂದಿ, ಕಪ್ಪು. ನಾನು ನೋಡುತ್ತಿದ್ದ ಹಾಗೆ ಎಲ್ಲೋ ನದಿ ದಡದ ಒಂದು ಕಪ್ಪು ಚುಕ್ಕೆ ಆರಿತು. ಅದೇ ಜಾಗದಲ್ಲಿ ತಕ್ಷಣ ಒಂದು ಬಿಳಿ ಚುಕ್ಕೆ ಹೊತ್ತಿತು. ಯಾವಳೋ ಹೋದಳು, ಯಾವಳೋ ಬಂದಳು. ಕುರ್ಚಿಯಲ್ಲಿ ಕೂತಿದ್ದ ಹುಡುಗರು ತಲೆ ಎತ್ತಲೂ ಇಲ್ಲ.

ವ್ಯವಸ್ಥಾಪಕ ಶ್ರೀವತ್ಸ ನಯವಾದ ಮನುಷ್ಯ. ನಗು ಮುಖದಿಂದ ಇಳಿಯುವುದೇ ಇಲ್ಲ. “ನಿಮ್ಮ ಕೇಂದ್ರ ನಮಗೆಲ್ಲ ಆದರ್ಶ ಮೇಡಂ. ಅಲ್ಲಿ ನೋಡಿ, ಎಷ್ಟು ಬೆಳ್ಳಗಿದೆ! ನಮ್ಮ ಲೆಕ್ಕದ ಪ್ರಕಾರ ನಿಮ್ಮಲ್ಲಿ ಸಹನೆಯ ಮಿಗತೆ ಇದೆ,” ಎಂದರು.

“ಏನು ಮಿಗತಿರಿ?”

“ಸಹನೆ. ಅಂದರೆ ಇನ್ನಷ್ಟು ಹೊರೆ ತಡೆಯೋ ಶಕ್ತಿ. ಅದಕ್ಕೇ ಎಸ್ತರ್ ಅವರನ್ನ ಬೇರೆ ಕೇಂದ್ರಕ್ಕೆ ಕಳಿಸ್ತಾ ಇದೀವಿ. ಪಕ್ಕದ ಎರಡು ಉಪಕೇಂದ್ರಗಳನ್ನ ತಸ್ಲೀಮಾ ಅವರಿಗೇ ಜೋಡಿಸ್ತೀವಿ. ಅವರದ್ದಂತೂ ಅಪ್ಪಟ ಬಿಳಿ.”

 ಬೇಡ ಎನ್ನಬೇಕು. ಯಾಕೆ ಬೇಡ ಎಂದರೆ ಐಸಿನ ಕತೆ ಹೇಳಬೇಕು. ಹೇಳಿದರೆ ಬಿಲ್ಲೆಗೆ ಮೋಸ ಮಾಡಿದಳೆಂದು ತಸ್ಲೀಮಾ ಇವತ್ತೇ ಮನೆಗೆ. ಹೇಳದಿದ್ದರೆ ಮೂವರ ಹೊರೆ ಅವಳೊಬ್ಬಳ ಮೇಲೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ. “ಒಬ್ಬಾಕಿ ಕೈಲೆ ಹ್ಯಾಂಗ ಆಗ್ತದ್ರಿ ಸಾಹೇಬ್ರ, ಎರಡು ಹೆರಿಗಿ ಒಂದೇ ಸಲ ಬಂದ್ರ?” ಎಂದು ಕೂಗಾಡಿದೆ, ಮೇಜು ಬಡಿದೆ. ಶ್ರೀವತ್ಸ ನಗುನಗುತ್ತಲೇ ನನ್ನ ಮಣಿಕಟ್ಟನ್ನು ತೋರಿಸಿ, “ಶಾಂತಿ ಮೇಡಂ, ನಿಮ್ಮ ಚೌಕ ನೋಡ್ಕೊಳ್ಳಿ,” ಎಂದರು. ಬಡವರ ಸಿಟ್ಟು ದವಡೆಗೆ ಮೂಲ. ಹೂಗುಚ್ಛವನ್ನು ಹೊರಗಿನ ಕಸದ ಬುಟ್ಟಿಗೆ ತುರುಕಿ ಬಸ್ಸು ಹತ್ತಿದೆ.

ಎಸ್ತರ್ ಹೋದ ಮೇಲೆ ತಸ್ಲೀಮಾಳ ದಿನಕ್ಕೆ ತಲೆಯಿಲ್ಲ, ಬುಡವಿಲ್ಲ. ಮುಂಜಾನೆ ಒಂದು ಉಪಕೇಂದ್ರ, ಮಧ್ಯಾಹ್ನ ಇನ್ನೊಂದು, ನಡುವೆ ಹೆರಿಗೆ, ಅದರ ನಡುವೆ ಎಲ್ಲದರ ಫೋಟೋ ತೆಗೆದು ನಿಗಮಕ್ಕೆ ಕಳಿಸುವುದು. ರಜೆ ಕೇಳಿದಳು. “ನಿಮ್ಮ ಚೌಕ ಬಿಳಿಯಿರುವುದರಿಂದ ರಜೆಯ ಅಗತ್ಯ ಕಂಡುಬರುವುದಿಲ್ಲ” ಎಂದು ಫೋನಿಗೆ ಉತ್ತರ ಬಂತು. ನನ್ನ ಐಸು ಅವಳ ಕೊರಳಿಗೇ ಉರುಳಾಗಿತ್ತು. ನನ್ನ ಕೈಲಾದಷ್ಟು ಹೊರೆ ನಾನು ಹೊತ್ತೆ. ಆದರೆ ಹೆರಿಗೆ ಕೋಣೆಯಲ್ಲಿ ಅವಳ ಕೈಯ ಬದಲು ಲಸಿಕೆಗೆ ಪಳಗಿದ ನನ್ನ ಕೈ ನಡೆಯುವುದಿಲ್ಲ.

ಆಮೇಲೆ ಅವಳು ಸುಮ್ಮನಾದಳು. ಮೊದಮೊದಲು ಒಳ್ಳೆಯದೇ ಆಯಿತು ಎಂದುಕೊಂಡೆ. ದೂರುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು. ಒಂದು ದಿನ ಐಸ್ ಪ್ಯಾಕು ಕೊಡಲು ಹೋದರೆ, “ಬ್ಯಾಡಕ್ಕಾ, ಈಗ ಅದರ ಗರಜಿಲ್ಲ,” ಎಂದು ಕೈ ಚಾಚಿ ತೋರಿಸಿದಳು. ಐಸು ಕಟ್ಟದೆ ಎಷ್ಟೋ ದಿನವಾಗಿತ್ತಂತೆ. ಚೌಕ ಹಾಲಿನಷ್ಟು ಬೆಳ್ಳಗಿತ್ತು.

“ಶಾಭಾಷ್! ಗಟ್ಟಿ ಆದಿ ನೀ,” ಎಂದು ಬೆನ್ನು ತಟ್ಟಿದೆ. ನನ್ನ ಮುಠ್ಠಾಳತನಕ್ಕೆ ಏನನ್ನಬೇಕು!

ಖಾಜಾಬಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಒಂದು ಭಾನುವಾರ ನನ್ನ ಬಾಗಿಲಿಗೆ ಬಂದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು. “ಗಂಗವ್ವಾ, ನನ್ನ ಮಗಳಿಗಿ ಏನೋ ಆಗ್ಯಾದ. ನಿನ್ನೆ ಅಲೀನಾ ಕಟ್ಟಿ ಮ್ಯಾಲಿಂದ ಬಿದ್ದು ಹಣಿ ಒಡಕೊಂಡ್ಳು. ರಕ್ತ ಸುರಿಲಿಕ್ಕ ಹತ್ತಿತ್ತು. ಇಕಿ ಬಂದ್ಳು, ತೊಳದ್ಳು, ಪಟ್ಟಿ ಕಟ್ಟಿದ್ಳು. ಕೂಸು ಅಮ್ಮಿ ಅಮ್ಮಿ ಅಂತ ಅಳ್ತದ, ಎತ್ತಿಕೊಳ್ಳಿಲ್ಲ. ‘ನೆಕ್ಸ್ಟ್’ ಅಂದ್ಳು. ಹೆತ್ತ ಕೂಸಿಗಿ ‘ನೆಕ್ಸ್ಟ್’ ಅಂದ್ಳು ಗಂಗವ್ವಾ!”

ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಆದರೆ ಆ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಬುಧವಾರ ಮಧ್ಯಾಹ್ನ ನಾನು ಹೆದರಿದ್ದೇ ಆಯಿತು. ಎರಡು ಹೆರಿಗೆ ಒಟ್ಟಿಗೇ ಬಂದವು. ಒಬ್ಬಳಿಗೆ ರಕ್ತ ನಿಲ್ಲುತ್ತಿರಲಿಲ್ಲ, ತಸ್ಲೀಮಾ ಅವಳ ಹತ್ತಿರ ಇದ್ದಳು. ಪಕ್ಕದ ಮಂಚದ ಮೇಲೆ ಸಾಬಮ್ಮ ಎಂಬ ಹುಡುಗಿ, ಚೊಚ್ಚಲು. ಕರುಳುಬಳ್ಳಿ ಕೂಸಿನ ಕುತ್ತಿಗೆಗೆ ಸುತ್ತಿತ್ತು. ಎಸ್ತರ್ ಇದ್ದಿದ್ದರೆ ಕೂಸು ಉಳಿಯುತ್ತಿತ್ತು. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ, ಯಾರ ಎದುರು ಬೇಕಾದರೂ ಹೇಳುತ್ತೇನೆ. ಅದನ್ನು ಕೊಂದದ್ದು ಬಳ್ಳಿಯಲ್ಲ, ಆ ಗೋಡೆಯ ಮೇಲಿನ ಬಿಳಿ ಚುಕ್ಕೆ.

ಸಾಬಮ್ಮ ಮಂಚದ ಸರಳಿಗೆ ತಲೆ ಬಡಿದುಕೊಳ್ಳುತ್ತಿದ್ದಳು. ನಾನು ಅವಳ ತಲೆಗೆ ನನ್ನ ಅಂಗೈ ಅಡ್ಡ ಹಿಡಿದಿದ್ದೆ. ನನಗೂ ಅಳು ತಡೆಯಲಾಗುತ್ತಿರಲಿಲ್ಲ. ತಸ್ಲೀಮಾ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟಳು, ಟ್ರೇ ಒರೆಸಿದಳು, ಕೈ ತೊಳೆದಳು, ಫೋನು ತೆಗೆದಳು.

“ಸಾಬಮ್ಮ ಗಂಡ ಹಣಮಂತ. ಆಧಾರ್ ನಂಬರ್ ಹೇಳ್ರಿ,” ಎಂದಳು.

ಸಾಬಮ್ಮ ಅಳು ನಿಲ್ಲಿಸಿ ಅವಳ ಮುಖ ನೋಡಿದಳು. ನಾನೂ ನೋಡಿದೆ. ಆ ಮುಖದ ಮೇಲೆ ಏನೂ ಇರಲಿಲ್ಲ. ಮಣಿಕಟ್ಟಿನ ಚೌಕ ಬೆಳ್ಳಗೇ ಇತ್ತು. ಆಗ ನನಗೆ ನನ್ನ ಫ್ರಿಜ್ಜು ನೆನಪಾಯಿತು. ಫ್ರಿಜ್ಜು ಕೆಟ್ಟು ವಿಪರೀತ ತಣ್ಣಗಾದರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಸತ್ತುಹೋಗುತ್ತವೆ. ಆದರೂ ಸೀಸೆಯ ಚೌಕ ಬೆಳ್ಳಗೇ ಇರುತ್ತದೆ. ಅದಕ್ಕೆ ಬಿಸಿಯ ಭಾಷೆ ಮಾತ್ರ ಗೊತ್ತು.

ಮರುದಿನವೇ ಇಂದುಶ್ರೀಯನ್ನು ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋದೆ. ಅವರನ್ನು ನಿಯಂತ್ರಣ ಕೊಠಡಿಯ ನೆಲಮಾಳಿಗೆಗೆ ತಳ್ಳಿದ್ದರು. ಕಿಟಕಿಯಿಲ್ಲದ ಪ್ರಯೋಗಶಾಲೆ. ಮೇಜಿನ ಮೇಲೆ ರಾಶಿ ರಾಶಿ ಬಿಲ್ಲೆಗಳು. ಐಸಿನಿಂದ ಹಿಡಿದು ಸಾಬಮ್ಮನವರೆಗೆ ಎಲ್ಲವನ್ನೂ ಹೇಳಿದೆ, ನಡುನಡುವೆ ಬೈದೆ. ಅವರು ಬೈಸಿಕೊಂಡರು.

“ಗೊತ್ತು. ಒತ್ತಡ ತುಂಬ ದಿನ ಇದ್ದರೆ ಆ ರಸ ಹರಿಸೋ ವ್ಯವಸ್ಥೆಯೇ ಸೋತುಹೋಗುತ್ತೆ. ಏನೇ ಆದರೂ ಮೈ ಮಿಸುಕಲ್ಲ. ಒಳಗೆ ಎಲ್ಲ ನಿಂತುಹೋಗಿರುತ್ತೆ, ಬಿಲ್ಲೆ ಮಾತ್ರ ಬಿಳಿ ತೋರಿಸುತ್ತೆ. ‘ಬಿಳಿ ಚೌಕ ಇರೋರೆಲ್ಲ ಆರೋಗ್ಯವಂತರಲ್ಲ’ ಅಂತ ಮೊದಲ ವರದಿಲೇ ಬರೆದಿದ್ದೆ,” ಎಂದರು.

“ಯಾರೂ ಓದಲಿಲ್ಲೇನು?”

“ಓದಿದರು. ಓದಿದ ಮೇಲೇ ನನ್ನನ್ನ ಇಲ್ಲಿಗೆ ಕಳಿಸಿದ್ದು.”

ಕಣ್ಣು ತುಂಬಿ ಬಂದಿತ್ತು ಹುಡುಗಿಗೆ. ನನ್ನ ಸಿಟ್ಟು ಅವರ ಮೇಲಿನಿಂದ ಎದ್ದು ಮೇಲಿನ ಮಹಡಿಗೆ ಹೋಯಿತು.

“ಈಗ ನನ್ನ ತಸ್ಲೀಮಾ ಹ್ಯಾಂಗ ಸುಧಾರಸ್ತಾಳ, ಅದು ಹೇಳ್ರಿ.”

“ಆ ಕೆಲಸದಿಂದ ದೂರ ಇಡಬೇಕು. ತಿಂಗಳುಗಟ್ಟಲೆ. ಮರಗಟ್ಟಿದ ಕೈಗೆ ಜೀವ ಬರುವಾಗ ಉರಿಯುತ್ತಲ್ಲ, ಹಾಗೆ ಮೊದಲು ನೋವಾಗುತ್ತೆ. ಆ ನೋವು ಬಂದರೆ ಉಳಿದರು ಅಂತ ಅರ್ಥ. ಹೀಗೇ ಇನ್ನೊಂದು ವರ್ಷ ದುಡಿದರೆ ಮಾತ್ರ...” ಅವರು ತಲೆ ಅಲ್ಲಾಡಿಸಿದರು. “ಆದರೆ ಮೇಡಂ, ನಿಮಗೆ ಗೊತ್ತಿಲ್ವಾ? ಸೋಮವಾರ ಅವರನ್ನ ಕಾಯಂ ಮಾಡ್ತಾ ಇದಾರೆ. ಇಡೀ ಜಿಲ್ಲೆಗೆ ಮಾದರಿ ನರ್ಸ್. ಎಲ್ಲಿ ಹೊರೆ ಜಾಸ್ತಿ ಇದೆಯೋ ಅಲ್ಲಿಗೆಲ್ಲ ಅವರನ್ನೇ ಕಳಿಸ್ತಾರೆ.”

ಕಾಯಂ! ಯಾವುದಕ್ಕಾಗಿ ನಾನು ಐಸು ಕಟ್ಟಿದೆನೋ, ಅವಳಪ್ಪ ಇಟ್ಟಿಗೆ ಹೊತ್ತನೋ, ಅದೇ ಅವಳ ಬಾಗಿಲಿಗೆ ಬಂದು ನಿಂತಿತ್ತು. ತಿಂದರೆ ಸಾಯುವ ಹಾಗೆ ಬಂದಿತ್ತು. ಮನೆಗೆ ಬಂದು ಖಾಜಾಬಿಗೆ ಹೇಳಿದೆ. ಅವಳು ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು. ಆಮೇಲೆ, “ನೌಕರಿ ಹೋದ್ರ ಹೋಗ್ಲಿ. ನನಗ ನನ್ನ ಮಗಳು ಬೇಕು,” ಎಂದಳು. ತಸ್ಲೀಮಾಳನ್ನೂ ಕೇಳಿದೆ, “ಈ ಕಾಯಂ ನೌಕರಿ ಬ್ಯಾಡಂತ ಹೇಳ್ತೀಯೇನು?” ಅವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತ, “ಯಾಕ? ಕೊಡ್ತಾರ, ತಗೋಳ್ಳೂದು,” ಎಂದಳು. ಸಂತೋಷವೂ ಇಲ್ಲ, ದುಃಖವೂ ಇಲ್ಲ. ಆ ಮಾತು ಕೇಳಿ ನಾನು ನಿಶ್ಚಯ ಮಾಡಿದೆ.

ಸೋಮವಾರ ನಿಗಮದ ಸಭಾಂಗಣದಲ್ಲಿ ದೀಪ ಹಚ್ಚಿದರು, ಪ್ರಾರ್ಥನೆ ಹಾಡಿದರು. ಶ್ರೀವತ್ಸ ಮೈಕಿನ ಮುಂದೆ ನಿಂತು, “ತಸ್ಲೀಮಾ ಅವರ ಕೇಂದ್ರದಲ್ಲಿ ಹೊರೆ ಮೂರು ಪಟ್ಟಾಯಿತು. ಆದರೂ ಅವರ ಚೌಕ ಒಂದಿಷ್ಟೂ ಬಣ್ಣಗೆಡಲಿಲ್ಲ. ಮನಸ್ಸಿದ್ದರೆ ಮಾರ್ಗ ಎಂಬುದಕ್ಕೆ ಇವರೇ ಸಾಕ್ಷಿ,” ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲುಗಳಲ್ಲಿ ಕೂತ ನರ್ಸುಗಳು ತಮ್ಮ ತಮ್ಮ ಮಣಿಕಟ್ಟು ಮುಚ್ಚಿಕೊಂಡು ಚಪ್ಪಾಳೆ ತಟ್ಟಿದರು. ಕೇಂದ್ರದ ಹಿರಿಯಳೆಂದು ನನಗೂ ಎರಡು ಮಾತಾಡಲು ಮೈಕು ಕೊಟ್ಟರು. ಅವರ ಗ್ರಹಚಾರ.

“ಈಕಿನ್ನ ಕಾಯಂ ಮಾಡಬ್ಯಾಡ್ರಿ. ಮನಿಗಿ ಕಳಸ್ರಿ,” ಎಂದೆ.  “ಮೊದಲು ಈಕಿ ಚೌಕ ಬೆಳ್ಳಗ ಇದ್ದದ್ದು ನಾ ಐಸು ಕಟ್ಟಿದ್ದಕ್ಕ. ಮೋಸಾ ಮಾಡಿದಾಕಿ ನಾನು. ಆಮ್ಯಾಲ ಬೆಳ್ಳಗಾಗಿದ್ದು ನೀವು ಹೊರಿಸಿದ್ದಕ್ಕ. ಈಕಿಗಿ ಈಗ ಯಾರರ ಸತ್ರೂ ಅಷ್ಟೇ, ಹುಟ್ಟಿದ್ರೂ ಅಷ್ಟೇ. ಇಂಥಾಕಿ ನಿಮಗ ಮಾದರಿ! ನಾಚಿಕಿ ಅನ್ನೂದು ಎಲ್ಲಿ ಸಿಗ್ತದ ಗೊತ್ತದೇನ್ರಿ ಸಾಹೇಬ್ರ? ಸಿಕ್ರ ಒಂದು ಹಿಡಿ ತಗೊಂಡು ಬರ್ರಿ. ಒಂದು ಕೂಸು ಸತ್ತದ ನಿಮ್ಮ ‘ಸಹನೆಯ ಮಿಗತಿ’ ಸಲುವಾಗಿ!”

ಮೈಕು ಆರಿಸಿದರು. ನನಗೆ ಮೈಕು ಯಾಕೆ ಬೇಕು? ಬೀದಿಗೆ ಕೇಳುವಂತೆ ಮುಗಿಸಿಯೇ ಇಳಿದೆ.

ಊಟದ ಹೊತ್ತಿಗೆ ತೀರ್ಮಾನವೂ ಆಯಿತು. ನನಗೆ ಅಮಾನತು. ತಸ್ಲೀಮಾಗೆ ವಿಮುಕ್ತಿ, ಬಿಲ್ಲೆಗೆ ಮೋಸ ಮಾಡಿದ್ದಕ್ಕೆ ಮುದ್ರೆ. ಶ್ರೀವತ್ಸರ ನಗು ಅಂದು ಮೊದಲ ಸಲ ಇಳಿದಿತ್ತು. “ನಿಮಗೇನಾದರೂ ಹೇಳೋದಿದೆಯಾ?” ಎಂದು ತಸ್ಲೀಮಾಳನ್ನು ಕೇಳಿದರು.

“ಆಯ್ತು ಸರ್,” ಎಂದಳು. ಅಷ್ಟೇ. ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

 ನೌಕರಿಯನ್ನೂ ಕಳೆದೆ, ಇವಳನ್ನೂ ಉಳಿಸಲಿಲ್ಲ. ಹೊರಗಿನ ಪಡಸಾಲೆಯಲ್ಲಿ ಒಂದು ಉದ್ದನೆಯ ಬೆಂಚು. ಅಲ್ಲಿ ಚೀಲ, ಪೆಟ್ಟಿಗೆ ಇಟ್ಟುಕೊಂಡು ನಾಲ್ಕಾರು ಹುಡುಗಿಯರು ಕೂತಿದ್ದರು. ಯಾರ ಚುಕ್ಕೆ ಆರಿದರೂ ಆ ಜಾಗಕ್ಕೆ ಅಟ್ಟಲು ನಿಗಮದವರು ದಿನವೂ ಕೂರಿಸಿಕೊಂಡಿರುವ ಹೊಸ ನರ್ಸುಗಳು ಅವರು. ಅದರಲ್ಲೊಬ್ಬಳು, ಮೇಘಶ್ರೀ ಅಂತೆ, ಆದೇಶ ಹಿಡಿದು ಎದ್ದು ಬಂದಳು. ತರಬೇತಿ ಮುಗಿಸಿ ತಿಂಗಳೂ ಆಗಿರಲಿಲ್ಲ. ಮಣಿಕಟ್ಟಿನ ಬಿಲ್ಲೆಯ ಅಂಚು ಇನ್ನೂ ಮೈಗೆ ಕೂತಿರಲಿಲ್ಲ.

“ಅಕ್ಕಾ, ಕರಿಗುಡ್ಡಿಗೆ ನನ್ನನ್ನ ಹಾಕಿದಾರೆ. ಚಾರ್ಜು ನಿಮ್ಮ ಹತ್ರ ತಗೋಬೇಕಂತೆ,” ಎಂದು ಹೆದರುತ್ತ ತಸ್ಲೀಮಾಗೆ ಹೇಳಿದಳು.

ಹೋಗುವವಳು ಬರುವವಳಿಗೆ ಚಾರ್ಜು ಕೊಡದೆ ಹೋಗುವಂತಿಲ್ಲ. ಅದು ನಮ್ಮ ಕೆಲಸದ ಧರ್ಮ. ತಸ್ಲೀಮಾ ನಿಂತಲ್ಲೇ ನಿಂತು, ಗೋಡೆ ನೋಡುತ್ತ, ಒಂದೇ ಸಮನೆ ಒಪ್ಪಿಸತೊಡಗಿದಳು. “ಹೆರಿಗಿ ಕ್ವಾಣಿ ಲೈಟು ಹಾಕಿದ ಮ್ಯಾಲ ಒಂದು ಏಟು ಬಡಿ, ಆಗ ಹತ್ತತದ. ನೀರು ಮುಂಜಾನೇ ತುಂಬ್ಸಿಕೋ. ಬಡಗೇರ ಓಣಿ ಮಲ್ಲಮ್ಮಗ ಬಿಪಿ ಅದ, ಗುಳಗಿ ನುಂಗೀನಂತ ಸುಳ್ಳು ಹೇಳ್ತಾಳ, ನಿನ್ನ ಎದುರಿಗೇ ನುಂಗಸು. ತಾಂಡಾದಾಗ ಒಬ್ಬಾಕಿ ಅವಳಿ ಬಸರಿ ಅದಾಳ, ಬ್ಯಾನಿ ಬರೂ ತನಕ ಕಾಯಬ್ಯಾಡ, ದೊಡ್ಡ ದವಾಖಾನಿಗಿ ಕಳಸು. ಮತ್ತ ಸಾಬಮ್ಮ ಅಂತ ಒಬ್ಬಾಕಿ...”

ಮೇಘಶ್ರೀ, “ಸಾಬಮ್ಮಗೆ ಏನಕ್ಕಾ?” ಎಂದಳು.

“ಆಕಿಗಿ... ಆಕಿಗಿ ಎದಿಹಾಲು ಬಂದಿರತಾವ. ಕುಡಿಲಿಕ್ಕ ಕೂಸಿಲ್ಲ. ಎದಿ ಕಲ್ಲಾಗಿರತದ, ಜ್ವರ ಬಂದಿರತದ, ಯಾರಿಗೂ ಹೇಳಿರಂಗಿಲ್ಲ ಆ ಹುಡುಗಿ. ನಾ ಹೋಗಿ ನೋಡ್ಲಿಲ್ಲ. ನಾ ಯಾಕ ಹೋಗ್ಲಿಲ್ಲ? ಆಧಾರ್ ಕೇಳ್ದೆ ನಾ. ಸತ್ತ ಕೂಸಿನ ಮುಂದ ನಿಂತು ಆಧಾರ್ ಕೇಳ್ದೆ!”

ಅವಳ ಗಂಟಲಿನಿಂದ ಒಂದು ಸದ್ದು ಬಂತು. ಹೆರಿಗೆ ಕೋಣೆಯಲ್ಲಿ ಅಂಥ ಸದ್ದನ್ನು ನಾನು ಎಷ್ಟೋ ಕೇಳಿದ್ದೇನೆ, ಅವಳ ಬಾಯಿಂದ ಕೇಳಿರಲಿಲ್ಲ. ಗೋಡೆ ಹಿಡಿದು ಕುಸಿದಳು. ನಾನು ಹಿಡಿಯಲು ಹೋದೆ. ನನ್ನನ್ನು ಕಂಡದ್ದೇ ತಡ, ಎದ್ದು ಎರಡೂ ಮುಷ್ಟಿಯಿಂದ ನನ್ನ ಎದೆಗೆ ಗುದ್ದತೊಡಗಿದಳು.

“ನನ್ನ ನೌಕರಿ ತಿಂದಿ ನೀ! ಎಲ್ಲಾರ ಮುಂದ ನನ್ನ ಬಟ್ಟಿ ಬಿಚ್ಚಿದಿ! ನನ್ನ ಕೇಳಿದ್ಯೇನು ನೀ, ಕೇಳಿದ್ಯೇನು? ನಿನ್ನ ಬಾಯಾಗ ಮಣ್ಣು ಬೀಳ್ಲಿ! ನಮ್ಮಪ್ಪಗ ಏನಂತ ಮಾರಿ ತೋರಸ್ಲಿ? ಹಾಳಾಗಿ ಹೋಗು ಗಂಗಕ್ಕಾ, ನೀ ಹಾಳಾಗಿ ಹೋಗು!”

ಕೋಣೆಗಳ ಬಾಗಿಲು ತೆರೆದವು. ಶ್ರೀವತ್ಸ ಹೊರಬಂದು, “ಇದೇನು ಗಲಾಟೆ? ಸ್ವಲ್ಪ ಸಂಯಮ ಇರಲಿ!” ಎಂದರು. “ನೀ ಒಳಗ ನಡಿ!” ಎಂದು ನಾನು ಗದರಿದ ರಭಸಕ್ಕೆ ಒಳಗೇ ಹೋದರು. ಬೆಂಚಿನ ಹುಡುಗಿಯರೆಲ್ಲ ಎದ್ದು ನಿಂತು ತಸ್ಲೀಮಾಳ ಕೈಯನ್ನೇ ನೋಡುತ್ತಿದ್ದರು. ಗುದ್ದುತ್ತಿದ್ದ ಆ ಕೈಯ ಮೇಲೆ ಬೆವರು ಹರಿಯುತ್ತಿತ್ತು. ಚೌಕ ಬೂದಿಯಾಯಿತು, ಬೂದಿಯಿಂದ ಕಪ್ಪಾಗತೊಡಗಿತು. ನನ್ನ ಎದೆ ನೋಯುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳ ಮುಷ್ಟಿಯನ್ನು ತಡೆಯಲು ನನ್ನ ಕೈ ಏಳಲಿಲ್ಲ.

“ಬೈ ನನ್ನವ್ವಾ, ಇನ್ನೂ ಬೈ,” ಎಂದೆ. “ಜೋರಾಗಿ ಬೈ.”